ಕೆಲಸ ಮುಗಿಯುವ ಮೊದಲೇ ಕರೆಯಿರಿ

ಬೆಂಗಳೂರು, ಮೈಸೂರಿನ ಸರ್ಕಾರಿ ಸಂಶೋಧನಾಲಯಗಳ ವಿಜ್ಞಾನಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಿಜ್ಞಾನಿ ಮಿತ್ರರೇ,



2025ರ ಜುಲೈ 1ರಂದು ಕೇಂದ್ರ ಸಚಿವ ಸಂಪುಟ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯತೆಗಾಗಿ 1 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈ ಹಣ ನಿಮ್ಮ ಪ್ರಯೋಗಾಲಯಗಳಿಗೆ ಅನುದಾನವಾಗಿ ಬರುವಂಥದಲ್ಲ. ಕಡಿಮೆ ಬಡ್ಡಿಯ, ಕೆಲವೊಮ್ಮೆ ಬಡ್ಡಿಯೇ ಇಲ್ಲದ ದೀರ್ಘಾವಧಿ ಸಾಲವಾಗಿ ಖಾಸಗಿ ಕಂಪನಿಗಳ ಕೈಗೆ ಹೋಗುವಂಥದು. 2023ರಲ್ಲಿ ಕಾಯಿದೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಲೆಕ್ಕವೂ ಇದೇ ಜಾಡಿನದು: ಐದು ವರ್ಷಕ್ಕೆ 50,000 ಕೋಟಿ, ಅದರಲ್ಲಿ ಸರ್ಕಾರ ಕೊಡುವುದು 14,000 ಕೋಟಿ, ಮಿಕ್ಕ 36,000 ಕೋಟಿ ಕೈಗಾರಿಕೆ, ದಾನಿಗಳು ಮುಂತಾದವರಿಂದ ಬರಬೇಕು. ಒಟ್ಟು ದೇಶೀಯ ಉತ್ಪನ್ನದಲ್ಲಿ ಶೇ. 0.64ರಷ್ಟನ್ನು ಮಾತ್ರ ಸಂಶೋಧನೆಗೆ ತೆಗೆದಿಡುವ ದೇಶ ನಮ್ಮದು. ಅದರಲ್ಲೂ ದೊಡ್ಡ ಪಾಲು ಸರ್ಕಾರದ್ದೇ. ಖಾಸಗಿಯವರು ಕೈಹಾಕಲಿ ಎಂದು ಸರ್ಕಾರ ಬಯಸುವುದು ಸಹಜವೇ.

ಹಾಗಾಗಿ ಮುಂದಿನ ವರ್ಷಗಳಲ್ಲಿ ನಿಮ್ಮ ಬಾಗಿಲಿಗೆ ಕಂಪನಿಗಳು ಹಿಂದೆಂದಿಗಿಂತ ಹೆಚ್ಚಾಗಿ ಬರುತ್ತವೆ. ಕೂತು ಮಾತಾಡುವವರು ನೀವು, ಸಹಿ ಹಾಕುವವರು ನಿಮ್ಮ ನಿರ್ದೇಶಕರು. ಸರ್ಕಾರಿ ಸಂಶೋಧನಾ ಸಂಸ್ಥೆಯೊಂದರ ತಂತ್ರಜ್ಞಾನ ವರ್ಗಾವಣೆ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತಿಯಾದವನು ನಾನು. ಆ ಮೇಜಿನ ಎರಡೂ ಬದಿಯವರನ್ನು ಹತ್ತಿರದಿಂದ ಬಲ್ಲೆ. ಸರ್ಕಾರಿ ಪ್ರಯೋಗಾಲಯ ಮತ್ತು ಖಾಸಗಿ ಕಂಪನಿ ಕೂಡಿ ಕೆಲಸ ಮಾಡಿದರೆ ಎರಡೂ ತಮ್ಮ ಯೋಗ್ಯತೆಗಿಂತ ಮೇಲಿನ ಕೆಲಸ ಮಾಡಬಲ್ಲವು ಎಂದು ನಾನು ಮನಸಾರೆ ನಂಬಿದ್ದೇನೆ. ಆದರೆ ಅದಕ್ಕೆ ಕಂಪನಿಯನ್ನು ಕೆಲಸ ಮುಗಿದ ಮೇಲಲ್ಲ, ಮುಗಿಯುವ ಮೊದಲೇ ಕರೆಯಬೇಕು. ಪದಾರ್ಥದ ದರ ಏನು, ಕೊಳ್ಳುವವರು ಯಾರು, ಸೋತರೆ ಹೋಗುವ ಹಣ ಯಾರದು ಎಂಬುದೂ ಆಗಲೇ ತೀರ್ಮಾನವಾಗಬೇಕು. ಈ ಪತ್ರ ಬರೆಯುತ್ತಿರುವುದು ಇಷ್ಟನ್ನು ಹೇಳುವುದಕ್ಕೆ.

ರೋಟಾವ್ಯಾಕ್ ಲಸಿಕೆಯ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆದರೂ ಅದನ್ನು ನಿಧಾನವಾಗಿ ಮತ್ತೊಮ್ಮೆ ನೋಡೋಣ, ಏಕೆಂದರೆ ಇಂಥ ಸಹಭಾಗಿತ್ವದ ಗುಟ್ಟೆಲ್ಲ ಅದರಲ್ಲಿದೆ. 1980ರ ದಶಕದ ನಡುವೆ ದೆಹಲಿಯ ಏಮ್ಸ್‌ನಲ್ಲಿ ಡಾ. ಮಹಾರಾಜ್ ಕಿಶನ್ ಭಾನ್ ಮತ್ತು ಅವರ ಜೊತೆಯವರು ಒಂದು ವಿಚಿತ್ರವನ್ನು ಗಮನಿಸಿದರು. ಕೆಲವು ನವಜಾತ ಶಿಶುಗಳಿಗೆ ರೋಟಾವೈರಸ್ ಸೋಂಕು ತಗುಲಿದ್ದರೂ ಭೇದಿ ಇರಲಿಲ್ಲ. ಮುಂದೆ ಆ ಮಕ್ಕಳಿಗೆ ತೀವ್ರ ಸ್ವರೂಪದ ಭೇದಿ ಕಾಣಿಸಿಕೊಳ್ಳುವುದೂ ಕಡಿಮೆ. ಆ ದುರ್ಬಲ ವೈರಸ್ ತಳಿಗೆ 116ಇ ಎಂದು ಹೆಸರಾಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ಬೆಂಗಳೂರಿನ ನವಜಾತ ಶಿಶುಗಳಲ್ಲಿ ಅಂಥದೇ ಇನ್ನೊಂದು ತಳಿ ಸಿಕ್ಕಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಅದನ್ನು ಅಧ್ಯಯನ ಮಾಡಿತು. ಅದರ ಹೆಸರು ಐ321.

ಎರಡೂ ತಳಿಗಳಿಂದ ಲಸಿಕೆ ಮಾಡಬಹುದೇ ಎಂದು ನೋಡಲು ಒಂದು ಕಾರ್ಖಾನೆ ಬೇಕಿತ್ತು. 1990ರ ದಶಕದ ಕೊನೆಯಲ್ಲಿ ಆಗತಾನೇ ಕಣ್ಣುಬಿಡುತ್ತಿದ್ದ ಹೈದರಾಬಾದಿನ ಭಾರತ್ ಬಯೋಟೆಕ್ ಈ ಕೆಲಸಕ್ಕೆ ಸೇರಿಕೊಂಡಿತು. ಆಗ ಕೈಯಲ್ಲಿದ್ದದ್ದು ಎರಡು ವೈರಸ್ ತಳಿಗಳು ಮತ್ತು ಒಂದು ಊಹೆ. ಲಸಿಕೆ ಆಗುತ್ತದೆಂಬ ಖಾತ್ರಿ ಯಾರಿಗೂ ಇರಲಿಲ್ಲ. ಮೊದಲ ಹಂತದ ಪ್ರಯೋಗದಲ್ಲಿ ನಮ್ಮ ಬೆಂಗಳೂರಿನ ಐ321 ಹಿಂದೆ ಬಿತ್ತು. ಮಕ್ಕಳಲ್ಲಿ ಅದು ಸಾಕಷ್ಟು ರೋಗನಿರೋಧಕ ಪ್ರತಿಕ್ರಿಯೆ ಹುಟ್ಟಿಸಲಿಲ್ಲ. ದೆಹಲಿಯ 116ಇ ಮುಂದೆ ಹೋಯಿತು. ಐ321ಕ್ಕೆ ಸುರಿದ ಶ್ರಮ ವ್ಯರ್ಥವೆಂದು ಯಾರೂ ತಿಳಿಯಬಾರದು. ಎರಡರಲ್ಲಿ ಒಂದು ಸೋಲುತ್ತದೆಂದು ತಿಳಿದೇ ಎರಡನ್ನೂ ಬೆಳೆಸುವ ಧೈರ್ಯ ಸಾರ್ವಜನಿಕ ಹಣಕ್ಕೆ ಇರಬೇಕಾದ ಗುಣ. ಒಂದು ಸಣ್ಣ ಕಂಪನಿ ತನ್ನ ಹಣವೊಂದನ್ನೇ ನೆಚ್ಚಿಕೊಂಡು ಆ ಸೋಲನ್ನು ತಾಳಿಕೊಳ್ಳುವುದು ಕಷ್ಟ.

ಮುಂದಿನ ದಾರಿಯಲ್ಲಿ ಯಾರು ಏನು ಹೊತ್ತರು ನೋಡಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮೊದಲಿನಿಂದ ಕೊನೆಯವರೆಗೆ ಬೆನ್ನಿಗೆ ನಿಂತಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಜ್ಞರು ವೈರಸ್‌ನ ವಿಜ್ಞಾನಕ್ಕೆ ಕೈಜೋಡಿಸಿದರು. ಪಾತ್ ಎಂಬ ಲಾಭರಹಿತ ಸಂಸ್ಥೆ ಮತ್ತು ಗೇಟ್ಸ್ ಪ್ರತಿಷ್ಠಾನ ದೊಡ್ಡ ಪ್ರಯೋಗಗಳ ಹೊರೆ ಹೊತ್ತವು. ಕಂಪನಿ ಕಾರ್ಖಾನೆ ಕಟ್ಟಿತು, ಲಸಿಕೆ ತಯಾರಿಸಿತು. 2011ರಲ್ಲಿ ದೆಹಲಿ, ಪುಣೆ, ವೆಲ್ಲೂರುಗಳಲ್ಲಿ ಒಟ್ಟು 6,799 ಶಿಶುಗಳ ಮೇಲೆ ಮೂರನೇ ಹಂತದ ಪ್ರಯೋಗ ಆರಂಭವಾಯಿತು. ಡೋಸಿಗೆ 1 ಡಾಲರ್ ದರದಲ್ಲಿ ಕೊಡುತ್ತೇವೆಂದು ಕಂಪನಿ ಒಪ್ಪಿಕೊಂಡಿದ್ದೂ ಫಲಿತಾಂಶ ಬರುವ ಮೊದಲೇ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಮುಖ್ಯವಾದ ಸಂಗತಿ ಇದು. ಗೆದ್ದ ಮೇಲೆ ದರ ಚೌಕಾಸಿ ಮಾಡಲು ಹೋದರೆ ಸರ್ಕಾರದ ಕೈ ಕೆಳಗಿರುತ್ತದೆ. ಗೆಲ್ಲುವ ಮೊದಲು ಇಬ್ಬರಿಗೂ ಒಬ್ಬರಿಗೊಬ್ಬರು ಬೇಕು.

2013ರಲ್ಲಿ ಫಲಿತಾಂಶ ಬಂತು. ಮಗುವಿನ ಮೊದಲ ವರ್ಷದಲ್ಲಿ ರೋಟಾವೈರಸ್‌ನಿಂದಾಗುವ ತೀವ್ರ ಭೇದಿ ಶೇ. 56ರಷ್ಟು ಕಡಿಮೆಯಾಗಿತ್ತು. 2014ರಲ್ಲಿ ಪರವಾನಗಿ, 2016ರಲ್ಲಿ ಹಿಮಾಚಲ ಪ್ರದೇಶ, ಹರಿಯಾಣ, ಒಡಿಶಾ, ಆಂಧ್ರಪ್ರದೇಶಗಳ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರ್ಪಡೆ, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ. ಒಂದು ಅಂದಾಜಿನಂತೆ ವರ್ಷಕ್ಕೆ ಸುಮಾರು 78,000 ಮಕ್ಕಳು ಈ ಒಂದು ಸೋಂಕಿನಿಂದ ಸಾಯುತ್ತಿದ್ದ ದೇಶ ನಮ್ಮದು. ಸರ್ಕಾರ ಕೊಳ್ಳದೆ ಹೋಗಿದ್ದರೆ ಈ ಲಸಿಕೆ ನಗರದ ನರ್ಸಿಂಗ್ ಹೋಮುಗಳ ಫ್ರಿಜ್ಜಿನಲ್ಲೇ ಉಳಿಯುತ್ತಿತ್ತು. ಭಾನ್ ಅವರು 2004ರಿಂದ 2012ರವರೆಗೆ ಜೈವಿಕ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯಾಗಿದ್ದರು. ಸಣ್ಣ ಕಂಪನಿಗಳ ಸಾಹಸಕ್ಕೆ ಸರ್ಕಾರಿ ಹಣದ ಆಸರೆ ಕೊಡುವ ಬಿರಾಕ್ ಸಂಸ್ಥೆ ಹುಟ್ಟಿದ್ದು ಅವರ ಅವಧಿಯಲ್ಲೇ, 2012ರಲ್ಲಿ. ಪ್ರಯೋಗಾಲಯದ ಕಷ್ಟ ತಿಳಿದವರೊಬ್ಬರು ಅಧಿಕಾರದಲ್ಲಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಶಿಶುವಾರ್ಡಿನಿಂದ ಲಸಿಕಾ ಕೇಂದ್ರಕ್ಕೆ ಬರಲು ಹಿಡಿದದ್ದು ಮೂವತ್ತು ವರ್ಷ. ದೀರ್ಘವಾಯಿತು, ನಿಜ. ಆದರೆ ತಲುಪಿತು.

ಇನ್ನು ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದೇನು ಎಂಬುದಕ್ಕೆ ಬರುತ್ತೇನೆ. ತುಮಕೂರು ಜಿಲ್ಲೆಯ ಒಬ್ಬ ಹೆಣ್ಣುಮಗಳು ಸಿರಿಧಾನ್ಯ ಸಂಸ್ಕರಿಸುವ ಒಂದು ವಿಧಾನಕ್ಕೆ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದರಿಂದ ಲೈಸೆನ್ಸ್ ಪಡೆದರು. ಬ್ಯಾಂಕಿನಲ್ಲಿ ಸಾಲ ತೆಗೆದು, ಊರಾಚೆ ತಗಡಿನ ಶೆಡ್ ಹಾಕಿ, ತ್ರೀಫೇಸ್ ಕರೆಂಟ್ ಎಳೆಸಿ, ಯಂತ್ರ ಕೂರಿಸಿದರು. ಅವರ ಶೆಡ್ಡಿಗೆ ನಾನು ಹೋದಾಗ ಸಾಮೆಯ ಹಂಗಾಮು. ರೈತರು ತಂದ ಸಾಮೆಯಲ್ಲಿ ತೇವ ಇತ್ತು, ಕಲ್ಲಿತ್ತು, ಕಾಳಿನ ಗಾತ್ರ ಒಂದೇ ಸಮ ಇರಲಿಲ್ಲ. ಪ್ರಯೋಗಾಲಯದಲ್ಲಿ ಈ ವಿಧಾನವನ್ನು ಪರೀಕ್ಷಿಸಿದ್ದು ಒಂದೇ ತಳಿಯ, ಚೆನ್ನಾಗಿ ಒಣಗಿಸಿ ಆರಿಸಿದ ಕಾಳಿನಿಂದ. ಇಲ್ಲಿ ಜರಡಿಗೆ ತೌಡು ಮೆತ್ತಿಕೊಂಡು ಗಾಳಿ ಹೋಗುತ್ತಿರಲಿಲ್ಲ, ಮೋಟಾರು ಬಿಸಿಯೇರಿ ನಿಲ್ಲುತ್ತಿತ್ತು, ಅಕ್ಕಿಗಿಂತ ನುಚ್ಚೇ ಹೆಚ್ಚು ಬೀಳುತ್ತಿತ್ತು. "ಸಾರ್, ನುಚ್ಚಿಗೆ ಯಾರು ಅಕ್ಕಿ ರೇಟು ಕೊಡ್ತಾರೆ?" ಎಂದು ಕೇಳಿದರು ಆಕೆ.

ಸಂಸ್ಥೆಗೆ ಫೋನ್ ಮಾಡಿದಾಗ ಸಿಕ್ಕ ವಿಜ್ಞಾನಿ ತುಂಬ ಒಳ್ಳೆಯವರು. ತಾಳ್ಮೆಯಿಂದ ಉತ್ತರಿಸಿದರು. ಬಂದು ನೋಡುವ ಮನಸ್ಸೂ ಅವರಿಗಿತ್ತು. ಆದರೆ ಆ ಯೋಜನೆ ಮುಗಿದು ಕಡತ ಮುಚ್ಚಿತ್ತು. ಮುಚ್ಚಿದ ಯೋಜನೆಯ ಲೆಕ್ಕಕ್ಕೆ ಪ್ರಯಾಣ ಭತ್ಯೆ ಬರೆಯಲು ಬರುವುದಿಲ್ಲ. ಸಂಸ್ಥೆಯ ವಾರ್ಷಿಕ ವರದಿಯಲ್ಲಿ "ವರ್ಗಾವಣೆಯಾದ ತಂತ್ರಜ್ಞಾನ" ಎಂಬ ಕಾಲಮ್ಮಿನಲ್ಲಿ ಇದೂ ಒಂದಾಗಿ ಸೇರಿತ್ತು. ಯಾರೂ ತಪ್ಪು ಮಾಡಿರಲಿಲ್ಲ, ಎಲ್ಲವೂ ನಿಯಮದಂತೆಯೇ ನಡೆದಿತ್ತು. ಆಕೆ ಎರಡನೇ ವರ್ಷದ ಕೊನೆಗೆ ಯಂತ್ರ ಮಾರಿದರು.

ಆ ಉದ್ಯಮಿ ವಿಧಾನ ರೂಪುಗೊಳ್ಳುವಾಗಲೇ ಪ್ರಯೋಗಾಲಯದಲ್ಲಿ ಕೂತಿದ್ದರೆ, ತೇವದ ಸಾಮೆಯ ಒಂದು ಚೀಲ ತಂದು ಮೊದಲ ತಿಂಗಳೇ ಮುಂದೆ ಸುರಿಯುತ್ತಿದ್ದರು. ವಿಜ್ಞಾನಿಯ ಪ್ರಶ್ನೆಯೇ ಬದಲಾಗುತ್ತಿತ್ತು. ಖಾಸಗಿಯವರು ಹಣ ತರುತ್ತಾರೆ ಎನ್ನುವುದಷ್ಟನ್ನೇ ನಾವು ಲೆಕ್ಕಕ್ಕೆ ಹಿಡಿಯುತ್ತೇವೆ. ಸಂಸ್ಥೆಯ ಕೆಲಸವನ್ನು ನಿಜಕ್ಕೂ ಉತ್ತಮಗೊಳಿಸುವುದು ಅವರು ತರುವ ತೊಂದರೆಗಳು. ಗೋದಾಮಿನ ಹುಳು, ಕೈಕೊಡುವ ಕರೆಂಟು, ಬಿಡಿಭಾಗ ಸಿಗದ ಪೇಟೆ, ಗ್ರಾಹಕನ ಜೇಬು ಇವೆಲ್ಲ ಪ್ರಯೋಗಾಲಯದೊಳಕ್ಕೆ ಬರುವುದು ಪಾಲುದಾರನ ಜೊತೆಗೇ.

ಮೈಸೂರಿನ ಸಿಎಫ್‌ಟಿಆರ್‌ಐ ಇಂಥ ಜೋಡಿ ಕೆಲಸವನ್ನು ಬಹಳ ಹಿಂದೆಯೇ ಮಾಡಿ ತೋರಿಸಿದೆ. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ರೂಪುಗೊಂಡದ್ದು ಆ ಸಂಸ್ಥೆಯಿರುವ ಚೆಲುವಾಂಬ ಮಹಲಿನಲ್ಲಿ. ಅದನ್ನು ಕಾರ್ಖಾನೆಗೆ ಒಯ್ದು ಅಮುಲ್ ಹೆಸರಿನಲ್ಲಿ ಮನೆಮನೆಗೆ ಮುಟ್ಟಿಸಿದ್ದು ಆನಂದ್‌ನ ಹಾಲು ಉತ್ಪಾದಕರ ಸಹಕಾರ ಸಂಘ. ಆ ಸಂಘಕ್ಕೆ ಎಮ್ಮೆ ಹಾಲು ಮಾರುವ ದಾರಿ ಬೇಕಿತ್ತು, ದೇಶಕ್ಕೆ ಹಾಲಿನ ಪುಡಿಯ ಆಮದು ತಗ್ಗಬೇಕಿತ್ತು. ಎರಡೂ ಕಡೆ ತುರ್ತಿತ್ತು. ಪಾಲುದಾರ ಎಂದರೆ ದೊಡ್ಡ ಬಂಡವಾಳಗಾರನೇ ಆಗಬೇಕಿಲ್ಲ, ರೈತರ ಸಂಘವೂ ಆಗಬಹುದು ಎಂಬುದನ್ನು ಇಲ್ಲಿ ಗಮನಿಸಿ. ಇಂದು ಕಂಪನಿಗಳ ಪಟ್ಟಿ ಮಾಡುವಾಗ ರೈತ ಉತ್ಪಾದಕ ಸಂಸ್ಥೆಗಳನ್ನು ನೀವು ನೆನೆಯುವುದೇ ಇಲ್ಲ. ಇದು ನನಗೆ ನೋವಿನ ವಿಷಯ.

ತಂತ್ರಜ್ಞಾನ ಚೆನ್ನಾಗಿದ್ದು, ಪಾಲುದಾರ ಮೊದಲೇ ಜೊತೆಗಿದ್ದೂ ಸೋತ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ರೂಪಿಸಿದರು. ಓದುಬರಹ ಬಾರದವರೂ ಬಳಸುವಂತಿರಬೇಕು, ಊರಿನ ಹಲವರು ಒಂದನ್ನೇ ಹಂಚಿಕೊಳ್ಳುವಂತಿರಬೇಕು ಎಂಬುದು ಅವರ ಆಸೆ. ಜಗತ್ತಿನ ಪತ್ರಿಕೆಗಳು ಹೊಗಳಿ ಬರೆದವು. 2004ರಲ್ಲಿ ಬಿಇಎಲ್ ತಯಾರಿಕೆಯ ಅಮಿಡ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಮಾರಾಟ ಮಾತ್ರ ಕೆಲವೇ ಸಾವಿರಕ್ಕೆ ನಿಂತಿತು. ಭೂದಾಖಲೆಯ ಕೆಲಸಕ್ಕೆ ಕರ್ನಾಟಕ ಸರ್ಕಾರ ಬಳಸಿ ನೋಡಿದ್ದುಂಟು. ಆದರೆ ಲಕ್ಷಗಟ್ಟಲೆ ಕೊಳ್ಳುತ್ತೇವೆ ಎಂದು ಯಾವ ಸರ್ಕಾರವೂ ಮುಂದೆ ಬರಲಿಲ್ಲ. ಲಕ್ಷಗಟ್ಟಲೆ ತಯಾರಾಗದೆ ದರ ಇಳಿಯಲಿಲ್ಲ, ದರ ಇಳಿಯದೆ ಜನ ಕೊಳ್ಳಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಬಂದು ಆ ಜಾಗ ತುಂಬಿತು. ಸೇನೆಗೆ ರೇಡಾರ್ ಮಾಡಿಕೊಡುವುದರಲ್ಲಿ ಪಳಗಿದ ಬಿಇಎಲ್‌ಗೆ ಹಳ್ಳಿಯ ಅಂಗಡಿಯಲ್ಲಿ ಕಂಪ್ಯೂಟರ್ ಮಾರುವ ಅಭ್ಯಾಸವೂ ಇರಲಿಲ್ಲ. ರೋಟಾವ್ಯಾಕ್‌ಗೆ ಸಿಕ್ಕ ಕೊಳ್ಳುವ ಕೈ ಸಿಂಪ್ಯೂಟರ್‌ಗೆ ಸಿಗಲಿಲ್ಲ. ಎರಡಕ್ಕೂ ನಾನು ಕಾಣುವ ದೊಡ್ಡ ವ್ಯತ್ಯಾಸ ಅದೇ.

ಹಾಗಾಗಿ ಸರ್ಕಾರ ಸಂಶೋಧನೆಗೆ ಹಣ ಕೊಟ್ಟರೆ ಸಾಲದು, ಮೊದಲ ಗಿರಾಕಿಯಾಗಿಯೂ ನಿಲ್ಲಬೇಕು. ಇಲ್ಲಿ ನಮ್ಮ ಟೆಂಡರ್ ಪದ್ಧತಿ ಅಡ್ಡ ಬರುತ್ತದೆ. ಅತಿ ಕಡಿಮೆ ದರ ಬರೆದವನಿಗೇ ಕೊಡಬೇಕು, ಅವನಿಗೆ ಹಿಂದಿನ ವರ್ಷಗಳ ವಹಿವಾಟು ಇರಬೇಕು ಎಂದರೆ ಹೊಸ ಪದಾರ್ಥ ಎಂದೂ ಒಳಬರಲಾರದು. 2025ರಲ್ಲಿ ವೈಜ್ಞಾನಿಕ ಸಂಸ್ಥೆಗಳು ಉಪಕರಣ ಕೊಳ್ಳುವ ನಿಯಮಗಳನ್ನು ಕೇಂದ್ರ ಸಡಿಲಿಸಿ, ನಿರ್ದೇಶಕರಿಗೆ ಹೆಚ್ಚು ಅಧಿಕಾರ ಕೊಟ್ಟದ್ದು ಸ್ವಾಗತಾರ್ಹ. ನೀವು ತಯಾರಿಸಿದ್ದನ್ನು ಸರ್ಕಾರಿ ಆಸ್ಪತ್ರೆ, ಪಡಿತರ ವ್ಯವಸ್ಥೆ, ಅಂಗನವಾಡಿಗಳು ಕೊಳ್ಳುವ ನಿಯಮಕ್ಕೂ ಅಂಥ ಸಡಿಲಿಕೆ ಬೇಕು. ನಿಮ್ಮ ಒಪ್ಪಂದದ ಮೇಜಿಗೆ ಆರೋಗ್ಯ ಇಲಾಖೆಯನ್ನೋ ಕೃಷಿ ಇಲಾಖೆಯನ್ನೋ ಮೊದಲ ದಿನವೇ ಕರೆಯಿರಿ ಎಂದು ನಾನು ಹೇಳುವುದು ಇದಕ್ಕೇ.

ನಿಮ್ಮಲ್ಲಿ ಅನೇಕರಿಗೆ ಇರುವ ಅಳುಕನ್ನು ಅಲ್ಲಗಳೆಯಲಾರೆ. ಜನರ ತೆರಿಗೆಯಿಂದ ಹುಟ್ಟಿದ ಜ್ಞಾನ ಯಾರದೋ ಲಾಭಕ್ಕೆ ಹೋಗುತ್ತದೆ ಎಂಬ ಅಳುಕು ಅದು. ಕೋವಿಡ್ ಲಸಿಕೆ ಕೋವ್ಯಾಕ್ಸಿನ್ ನೆನಪಿಸಿಕೊಳ್ಳಿ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಬೇರ್ಪಡಿಸಿಕೊಟ್ಟ ವೈರಸ್‌ನಿಂದ ಭಾರತ್ ಬಯೋಟೆಕ್ ತಿಂಗಳುಗಳೊಳಗೆ ಲಸಿಕೆ ತಯಾರಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಯೋಗಗಳಿಗೆ ಹಣ ಕೊಟ್ಟಿತು. 25,800 ಜನರ ಮೂರನೇ ಹಂತದ ಪ್ರಯೋಗ ನಡೆಯಿತು. ಸಾಂಕ್ರಾಮಿಕದ ನಡುವೆ ಇಷ್ಟು ವೇಗವಾಗಿ ನಡೆದ ಸಹಭಾಗಿತ್ವಕ್ಕೆ ನಾವು ಕೃತಜ್ಞರಾಗಿರಬೇಕು. ಆದರೆ ಇಬ್ಬರ ನಡುವಿನ ಕರಾರನ್ನು ಜನರ ಮುಂದೆ ಇಡಲಿಲ್ಲ. ಮಾರಾಟದ ಮೇಲೆ ಐಸಿಎಂಆರ್‌ಗೆ ಶೇ. 5 ರಾಯಲ್ಟಿ ಉಂಟೆಂಬುದು ಆಮೇಲಷ್ಟೇ ಹೊರಬಂತು. ಪರಿಣಾಮದ ಅಂಕಿಅಂಶ ಬರುವ ಮೊದಲೇ, 2021ರ ಜನವರಿಯಲ್ಲಿ, ತುರ್ತು ಬಳಕೆಗೆ ಒಪ್ಪಿಗೆ ಸಿಕ್ಕಿದ್ದು ಬಹಳ ವೈದ್ಯರಲ್ಲಿ ಅನುಮಾನ ಹುಟ್ಟಿಸಿತು. 2024ರಲ್ಲಿ ಪೇಟೆಂಟ್ ಅರ್ಜಿಯಲ್ಲಿ ಐಸಿಎಂಆರ್ ಹೆಸರಿಲ್ಲದ್ದು ಸುದ್ದಿಯಾಯಿತು. ಅದು ಅಚಾತುರ್ಯದಿಂದ ಆದದ್ದೆಂದು ಕಂಪನಿ ಹೇಳಿ ಹೆಸರು ಸೇರಿಸಿತು. ಕರಾರು ಮೊದಲೇ ಎಲ್ಲರಿಗೂ ಕಾಣುವಂತಿದ್ದಿದ್ದರೆ ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಏಳುತ್ತಲೇ ಇರಲಿಲ್ಲ, ಲಸಿಕೆಯ ಮೇಲಿನ ವಿಶ್ವಾಸವೂ ಗಟ್ಟಿಯಾಗಿರುತ್ತಿತ್ತು.

ಇನ್ನೊಂದು ಅಳುಕು ಆಡಿಟ್‌ನದು. ಕಂಪನಿಯೊಂದಕ್ಕೆ ನೆರವಾದರೆ ನಾಳೆ ಯಾರಾದರೂ ಬೆರಳು ತೋರಿಸಿಯಾರು ಎಂದು ಸಹಿ ಹಾಕದೆ ಕೂತ ಒಳ್ಳೆಯ ಅಧಿಕಾರಿಗಳನ್ನು ನಾನು ಬಲ್ಲೆ. ಅವರನ್ನು ದೂರಲಾರೆ. ಹತ್ತು ಯೋಜನೆಯಲ್ಲಿ ಏಳು ಸೋಲಬಹುದು ಎಂದು ಆರಂಭದಲ್ಲೇ ಬರೆದಿಟ್ಟು ಮಂಜೂರು ಮಾಡುವ ಪದ್ಧತಿ ನಮ್ಮಲ್ಲಿ ಇಲ್ಲದಿರುವುದು ಇದಕ್ಕೆ ಕಾರಣ. ಸೋಲಿನ ವೆಚ್ಚ ಯಾರ ಲೆಕ್ಕಕ್ಕೆ, ಎಷ್ಟರವರೆಗೆ ಎಂದು ಕರಾರಿನಲ್ಲೇ ಇದ್ದರೆ ಆಡಿಟ್ ಮಾಡುವವರಿಗೂ ಹಿಡಿಯಲು ಒಂದು ಆಧಾರ ಸಿಗುತ್ತದೆ.

ಕೈಗಾರಿಕೆಯೊಡನೆ ದುಡಿಯುವ ಹೊರದೇಶದ ಒಂದು ಮಾದರಿಯನ್ನೂ ನೋಡಿ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಗಳ ವೆಚ್ಚದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಸರ್ಕಾರದ ನೇರ ಅನುದಾನ. ಮಿಕ್ಕದ್ದನ್ನು ಕೈಗಾರಿಕೆಗಳಿಗೆ ಮಾಡಿಕೊಡುವ ಕೆಲಸ ಮತ್ತು ಸ್ಪರ್ಧೆಯಲ್ಲಿ ಗೆದ್ದ ಸಾರ್ವಜನಿಕ ಯೋಜನೆಗಳಿಂದ ಅವು ಗಳಿಸಿಕೊಳ್ಳುತ್ತವೆ. ಹಾಡು ಕೇಳುವ ಎಂಪಿ3 ತಂತ್ರ ಬೆಳೆದದ್ದು ಅಲ್ಲೇ. ಇದನ್ನು ಇದ್ದಹಾಗೇ ಇಲ್ಲಿಗೆ ತರಲು ನಾನು ಹೇಳುತ್ತಿಲ್ಲ. ಅಲ್ಲಿ ಸಂಶೋಧನೆ ಕೊಳ್ಳಬಲ್ಲ ಮಧ್ಯಮ ಗಾತ್ರದ ಕಾರ್ಖಾನೆಗಳು ಊರೂರಿಗೆ ಇವೆ, ನಮ್ಮಲ್ಲಿ ಇಲ್ಲ. ನಮ್ಮಲ್ಲಿ ಅನುದಾನದ ಪಾಲು ಕಡಿಮೆ ಮಾಡಿದರೆ ಮೂಲ ವಿಜ್ಞಾನ ಸೊರಗುತ್ತದೆ. ಖಾಸಗಿ ಹಣ ಬಂತೆಂದು ಸರ್ಕಾರ ತನ್ನ ಪಾಲು ಹಿಂದೆಗೆದುಕೊಳ್ಳುವ ಯಾವ ಪ್ರಯತ್ನವನ್ನೂ ನೀವು ಗಟ್ಟಿಯಾಗಿ ವಿರೋಧಿಸಬೇಕು. 116ಇ ಸಿಕ್ಕಿದ್ದು ಯಾವ ಕಂಪನಿಯ ಆದೇಶದಿಂದಲೂ ಅಲ್ಲ.

ಈ ನೆಲಕ್ಕೆ ಇಂಥ ಜೋಡಿ ಕೆಲಸ ಹೊಸದೇನಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಎರಡೇ ವರ್ಷದಲ್ಲಿ, 1942ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಆ ಸಂಸ್ಥೆಯೇ ಜೆಮ್‌ಷೆಡ್‌ಜಿ ಟಾಟಾ ಅವರ ದತ್ತಿ, ಮೈಸೂರು ಸಂಸ್ಥಾನದ ಭೂಮಿ ಮತ್ತು ಆಗಿನ ಭಾರತ ಸರ್ಕಾರದ ಅನುದಾನ ಕೂಡಿ ಎದ್ದದ್ದು.

ಮಿತ್ರರೇ, ಕಿರಿಯ ವಿಜ್ಞಾನಿಗಳಿಗೆ ಒಂದು ಮಾತು ಹೇಳಬೇಕು. ಕಂಪನಿಯೊಡನೆ ಕೆಲಸ ಮಾಡಿದರೆ ಪ್ರಬಂಧ ಪ್ರಕಟವಾಗುವುದಿಲ್ಲ, ಬಡ್ತಿ ತಪ್ಪುತ್ತದೆ ಎಂಬ ನಿಮ್ಮ ಭಯ ನಿಜ. ಅದನ್ನು ಸರಿಪಡಿಸಬೇಕಾದವರು ನಿರ್ದೇಶಕರು. ಹಳ್ಳಿಯ ಶೆಡ್ಡಿನಲ್ಲಿ ಎರಡು ಹಂಗಾಮು ನಿಂತು ಯಂತ್ರ ಸರಿಮಾಡಿದ್ದನ್ನು ಅಂತರರಾಷ್ಟ್ರೀಯ ಪತ್ರಿಕೆಯ ಒಂದು ಪ್ರಬಂಧಕ್ಕೆ ಸಮನಾಗಿ ಬಡ್ತಿ ಸಮಿತಿ ಎಣಿಸಲಿ. ಲೈಸೆನ್ಸ್ ಕೊಟ್ಟ ದಿನವನ್ನು ಯೋಜನೆಯ ಕೊನೆ ಎಂದು ಬರೆಯುವುದನ್ನು ನಿಲ್ಲಿಸಿ, ಮೊದಲ ಎರಡು ವರ್ಷದ ದುರಸ್ತಿ ಮತ್ತು ಪ್ರಯಾಣದ ವೆಚ್ಚವನ್ನು ಲೈಸೆನ್ಸಿನ ಭಾಗವಾಗಿಯೇ ಮಂಜೂರು ಮಾಡಿಸಿ. ವರದಿಯಲ್ಲಿ ಎಷ್ಟು ತಂತ್ರಜ್ಞಾನ ವರ್ಗಾವಣೆಯಾಯಿತು ಎಂಬುದರ ಪಕ್ಕದಲ್ಲಿ, ಮೂರು ವರ್ಷದ ನಂತರ ಅವುಗಳಲ್ಲಿ ಎಷ್ಟು ಇನ್ನೂ ಓಡುತ್ತಿವೆ ಎಂಬ ಕಾಲಮ್ ಸೇರಿಸಿ.

1 ಲಕ್ಷ ಕೋಟಿಯ ಸಾಲಕ್ಕೆ ಅರ್ಜಿ ಹಾಕುವವರು ಕಂಪನಿಗಳು. ನಿಮ್ಮ ಜ್ಞಾನವನ್ನು ನೆಚ್ಚಿ ಯಾವುದಾದರೂ ಕಂಪನಿ ಅರ್ಜಿ ಬರೆಯುತ್ತಿದ್ದರೆ, ಬರೆಯುವ ಹೊತ್ತಿಗೇ ನಿಮ್ಮ ಹೆಸರು, ನಿಮ್ಮ ಸಂಸ್ಥೆಯ ಪಾಲು, ಪದಾರ್ಥದ ಗರಿಷ್ಠ ದರ ಅದರಲ್ಲಿ ಇರಲಿ ಎಂದು ಕೇಳಿ. ಕೊಡಲು ಒಪ್ಪದ ಕಂಪನಿಗೆ ನಮಸ್ಕಾರ ಹೇಳಿ ಕಳಿಸಿ. ಒಪ್ಪಿದ ಕಂಪನಿಯೊಡನೆ ಮಾಡಿಕೊಂಡ ಕರಾರಿನ ಮುಖ್ಯ ಷರತ್ತುಗಳನ್ನು ಒಂದು ಪುಟದಲ್ಲಿ, ಕನ್ನಡದಲ್ಲೂ ಬರೆದು, ಸಂಸ್ಥೆಯ ಸೂಚನಾ ಫಲಕದಲ್ಲಿ ಹಾಕಿ. ಇದಕ್ಕೆ ದೆಹಲಿಯ ಅನುಮತಿ ಬರಲಿ ಎಂದು ಕಾಯದೆ, ನಿಮ್ಮ ಮುಂದಿನ ಒಪ್ಪಂದದಿಂದಲೇ ಆರಂಭಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಹಳೆಯ ಸಹೋದ್ಯೋಗಿ